ಕರುಳಿನ ಕರೆಗೆ ಮೆದುಳಿನ ವಿವರಣೆ

ಪರರ ನೋವನ್ನು ಕಂಡು ಮರುಗುವವರನ್ನು ಕುರಿತು ನಾವು ‘ಅವರದು ತಾಯಿಕರುಳು’ ಎನ್ನುತ್ತೇವೆ. ಮರುಗದವರನ್ನು ‘ಕರುಳಿಲ್ಲದವರು’ ಎಂದು ಕರೆಯುತ್ತೇವೆ. ದಯೆಯ ನೆಲೆ ಒಡಲಿನೊಳಗಿನ ಕರುಳು ಎಂಬ ಈ ಭಾವನೆ ಕನ್ನಡಕ್ಕೆ ಮಾತ್ರ ಸೀಮಿತವಾದುದಲ್ಲ. ಲೂಕನ ಶುಭಸಂದೇಶದ 10ನೆಯ ಅಧ್ಯಾಯದಲ್ಲಿ ಬರುವ ಸದಯ ಸಮಾರಿತನ ಸಾಮತಿಯನ್ನು ನೆನಪಿಸಿಕೊಳ್ಳಿ. ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದವನನ್ನು ಕಂಡು ಸಮಾರಿತನು ಮರುಗಿದನೆಂದು ಹೇಳಲು ಅಲ್ಲಿ ಬಳಸಿರುವ ಗ್ರೀಕ್ ಕ್ರಿಯಾಪದವೂ ಒಡಲಿನ ಒಳ ಅಂಗಗಳನ್ನು ಸೂಚಿಸುವ ಪದದಿಂದಲೇ ಹುಟ್ಟಿದ್ದಾಗಿದೆ. ಇತ್ತೀಚಿನ ದಶಕಗಳಲ್ಲಿ ವಿಜ್ಞಾನಿಗಳು ಈ ಮರುಕದ ನೆಲೆಯನ್ನು ಕರುಳಿನಲ್ಲಿಯೂ ಅಲ್ಲ, ಹೃದಯದಲ್ಲಿಯೂ ಅಲ್ಲ, ತಲೆಬುರುಡೆಯೊಳಗಿನ ಮೆದುಳಿನಲ್ಲಿ ಹುಡುಕುತ್ತಿದ್ದಾರೆ. ಹೀಗೆ ಹುಡುಕಿದವರ ಪೈಕಿ ಸಾಮಾನ್ಯ ಓದುಗರಿಗೂ ತಿಳಿಯುವಂತೆ ಬರೆದವರಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಅಬಿಗೇಲ್ ಮಾರ್ಷ್ ಒಬ್ಬರು. 2017ರಲ್ಲಿ ಪ್ರಕಟವಾದ ಅವರ ‘ದಿ ಫಿಯರ್ ಫ್ಯಾಕ್ಟರ್’ ಎಂಬ ಪುಸ್ತಕವನ್ನು ನಮ್ಮ ಕುಟುಂಬಗಳ ಓದುಗರ ಮುಂದಿಟ್ಟು, ಅದು ಕೊಡುವುದೇನು, ಕೊಡದೆ ಉಳಿಸುವುದೇನು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಇದು ಕೇವಲ ಕುತೂಹಲದ ವಿಷಯವಲ್ಲ. ಔದಾರ್ಯವು ಮೆದುಳಿನ ರಚನೆಯಿಂದಲೇ ನಿರ್ಧಾರವಾಗುವುದಾದರೆ, ಕೊಡುವವನನ್ನು ಮೆಚ್ಚುವುದೇಕೆ? ಕೊಡದವನನ್ನು ದೂಷಿಸುವುದೇಕೆ? ನಮ್ಮ ಮಕ್ಕಳಿಗೆ ‘ಹಂಚಿಕೊಂಡು ತಿನ್ನು’ ಎಂದು ಕಲಿಸುವುದಾದರೂ ಏತಕ್ಕೆ? ಪುಸ್ತಕವನ್ನು ಓದುವಾಗ ಈ ಪ್ರಶ್ನೆಗಳು ನಮ್ಮ ಬೆನ್ನು ಬಿಡುವುದಿಲ್ಲ.

ಅಪರಿಚಿತನೊಬ್ಬನ ಋಣ

ಮಾರ್ಷ್ ಅವರ ಶೋಧನೆಗೆ ಪ್ರೇರಣೆ ಅವರ ಸ್ವಂತ ಬದುಕಿನಿಂದ ಬಂದುದು. 19ನೆಯ ವಯಸ್ಸಿನಲ್ಲಿ, ಟಕೋಮಾ ನಗರದ ಹೆದ್ದಾರಿ ಸೇತುವೆಯೊಂದರ ಮೇಲೆ ಅವರು ರಾತ್ರಿ ಕಾರು ಓಡಿಸುತ್ತಿದ್ದಾಗ ನಾಯಿಯೊಂದು ಅಡ್ಡ ಬಂದಿತು. ಕಾರು ಗಿರಗಿರನೆ ತಿರುಗಿ, ವೇಗವಾಗಿ ಬರುವ ವಾಹನಗಳಿಗೆ ಎದುರಾಗಿ ನಿಂತುಬಿಟ್ಟಿತು. ಎಂಜಿನ್ ಸ್ತಬ್ಧವಾಗಿತ್ತು. ಆಗ ಅಪರಿಚಿತ ವ್ಯಕ್ತಿಯೊಬ್ಬ ತನ್ನ ವಾಹನ ನಿಲ್ಲಿಸಿ, ಕತ್ತಲಲ್ಲಿ ಹೆದ್ದಾರಿಯನ್ನು ಅಡ್ಡಹಾಯ್ದು ಓಡಿಬಂದು, ಆಕೆಯ ಕಾರನ್ನು ಚಾಲೂ ಮಾಡಿ, ಸುರಕ್ಷಿತ ಬದಿಗೆ ತಂದು ನಿಲ್ಲಿಸಿದ. ಹೆಸರನ್ನೂ ಹೇಳದೆ ಹೊರಟುಹೋದ. ತನ್ನ ಪ್ರಾಣವನ್ನು ಪಣಕ್ಕಿಟ್ಟು, ಮತ್ತೆಂದೂ ಕಾಣಲಾರದ ಹುಡುಗಿಯೊಬ್ಬಳನ್ನು ಆತ ಉಳಿಸಿದ್ದೇಕೆ ಎಂಬ ಪ್ರಶ್ನೆಯೇ ಮುಂದೆ ಅವರ ಸಂಶೋಧನೆಯ ಬೀಜವಾಯಿತು.

ಉತ್ತರವನ್ನು ಹುಡುಕುತ್ತಾ ಅವರು ಹೋದ ದಾರಿ ವಿಚಿತ್ರವಾದುದು. ದಯಾವಂತರ ಬಳಿಗೆ ಹೋಗುವ ಮುನ್ನ ಅವರು ದಯೆಯೇ ಇಲ್ಲದವರ ಬಳಿಗೆ ಹೋದರು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಜೇಮ್ಸ್ ಬ್ಲೇರ್ ಎಂಬ ವಿಜ್ಞಾನಿಯ ಜೊತೆಗೂಡಿ, ಇತರರನ್ನು ನೋಯಿಸಿಯೂ ಪಶ್ಚಾತ್ತಾಪಪಡದ ಹದಿಹರೆಯದವರ ಮೆದುಳನ್ನು ಎಂಆರ್‌ಐ ಯಂತ್ರದ ಮೂಲಕ ಪರೀಕ್ಷಿಸಿದರು. ನಮ್ಮ ಮೆದುಳಿನ ಆಳದಲ್ಲಿ, ಎರಡೂ ಬದಿಗಳಲ್ಲಿ, ಬಾದಾಮಿಯ ಆಕಾರದ ಪುಟ್ಟ ಭಾಗವೊಂದಿದೆ. ಅದನ್ನು ‘ಅಮಿಗ್ಡಲ’ ಎನ್ನುತ್ತಾರೆ. ಭಯಗೊಂಡ ಮನುಷ್ಯನ ಮುಖದ ಚಿತ್ರವನ್ನು ತೋರಿಸಿದಾಗ ಸಾಮಾನ್ಯ ಮಕ್ಕಳಲ್ಲಿ ಈ ಭಾಗ ಚುರುಕಾಗುತ್ತದೆ. ಆದರೆ ಕಠೋರ ಸ್ವಭಾವದ ಮಕ್ಕಳಲ್ಲಿ ಅದರ ಸ್ಪಂದನ ತೀರಾ ಕಡಿಮೆಯಾಗಿತ್ತು. 2008ರಲ್ಲಿ ಪ್ರಕಟವಾದ ಈ ಫಲಿತಾಂಶ ಸೂಚಿಸಿದ್ದು ಇಷ್ಟು: ಪರರ ಮುಖದ ಮೇಲಿನ ಭಯ ಅವರಿಗೆ ತಟ್ಟುತ್ತಿರಲಿಲ್ಲ.

ಹಾಗಾದರೆ ಇದಕ್ಕೆ ತದ್ವಿರುದ್ಧವಾದ ತುದಿಯಲ್ಲಿ ಯಾರಿದ್ದಾರೆ? ಅಪರಿಚಿತರಿಗೆ ತಮ್ಮ ಒಂದು ಮೂತ್ರಪಿಂಡವನ್ನೇ ಉಚಿತವಾಗಿ ಕೊಟ್ಟವರನ್ನು ಮಾರ್ಷ್ ಆರಿಸಿಕೊಂಡರು. ತಾನು ಕೊಡುವ ಅಂಗ ಯಾರಿಗೆ ಸೇರುತ್ತದೆಂದು ತಿಳಿಯದೆಯೂ ಶಸ್ತ್ರಚಿಕಿತ್ಸೆಗೆ ಮೈಯೊಡ್ಡುವ ಇಂತಹ ದಾನಿಗಳು ಅಮೆರಿಕದಲ್ಲಿದ್ದಾರೆ. 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂತಹ 19 ದಾನಿಗಳನ್ನು 20 ಮಂದಿ ಸಾಮಾನ್ಯರೊಂದಿಗೆ ಹೋಲಿಸಿ ನೋಡಿದಾಗ, ದಾನಿಗಳ ಬಲಬದಿಯ ಅಮಿಗ್ಡಲ ಭಯದ ಮುಖಕ್ಕೆ ಹೆಚ್ಚು ಸ್ಪಂದಿಸುತ್ತಿತ್ತು. ಗಾತ್ರದಲ್ಲಿಯೂ ಅದು ಸರಾಸರಿಗಿಂತ ಸುಮಾರು ಶೇಕಡಾ 8ರಷ್ಟು ದೊಡ್ಡದಾಗಿತ್ತು.

ಪುಸ್ತಕದ ಬಲ

ಭಯವೆಂದರೆ ಹೇಡಿಗಳ ಗುಣ, ದಯೆಗೂ ಅದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಮಾರ್ಷ್ ಅವರ ಉತ್ತರ ಚಿಂತನೆಗೆ ಯೋಗ್ಯವಾಗಿದೆ. ಭಯವೆಂದರೇನೆಂದು ಸ್ವತಃ ಬಲ್ಲವನಿಗೆ ಮಾತ್ರ ಇನ್ನೊಬ್ಬರ ಮುಖದಲ್ಲಿ ಅದನ್ನು ಓದಲು ಸಾಧ್ಯ. ಹೆದರಿದವರ ಅರಳಿದ ಕಣ್ಣು, ಮೇಲೆದ್ದ ಹುಬ್ಬು, ತೆರೆದ ಬಾಯಿ ಹಸುಗೂಸಿನ ಮುಖವನ್ನು ಹೋಲುತ್ತವೆ ಎಂಬುದನ್ನು ಅವರು ಎತ್ತಿ ತೋರಿಸುತ್ತಾರೆ. ಕೂಸಿನ ಅಸಹಾಯಕ ಮುಖವನ್ನು ಕಂಡಾಗ ತಾಯಿಯಲ್ಲಿ ಏಳುವ ರಕ್ಷಣೆಯ ತುಡಿತವೇ ವಿಸ್ತಾರಗೊಂಡು ಪರರ ಮಕ್ಕಳಿಗೂ, ಕೊನೆಗೆ ಅಪರಿಚಿತರಿಗೂ ತಲುಪುತ್ತದೆ ಎಂಬುದು ಅವರ ವಾದ. ಅಪಾಯಕ್ಕೆ ಧುಮುಕಿ ಪರರನ್ನು ಉಳಿಸುವವರು ಭಯವಿಲ್ಲದವರಲ್ಲ, ತಮ್ಮ ಭಯಕ್ಕಿಂತ ಎದುರಿನವರ ಭಯವನ್ನು ಹೆಚ್ಚು ಕೇಳಿಸಿಕೊಂಡವರು. ‘ತಾಯಿಕರುಳು’ ಎಂಬ ನಮ್ಮ ಮಾತಿಗೆ ಇದಕ್ಕಿಂತ ಹತ್ತಿರವಾದ ವೈಜ್ಞಾನಿಕ ವ್ಯಾಖ್ಯಾನ ಸಿಗುವುದು ಕಷ್ಟ.

ಪುಸ್ತಕದ ಎರಡನೆಯ ಬಲ ಅದರ ಆಶಾವಾದ. ಮನುಷ್ಯ ಮೂಲತಃ ಸ್ವಾರ್ಥಿ, ಅವನ ದಾನವೂ ವೇಷ ಹಾಕಿದ ಸ್ವಾರ್ಥವೇ ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಇದಕ್ಕೆ ಪ್ರತಿಯಾಗಿ ಅವರು ಡೇನಿಯಲ್ ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರ ಪ್ರಯೋಗಗಳನ್ನು ಮುಂದಿಡುತ್ತಾರೆ. ತಮ್ಮ ಕಣ್ಣೆದುರಿಗೆ ಯುವತಿಯೊಬ್ಬಳು ವಿದ್ಯುದಾಘಾತ ಅನುಭವಿಸುತ್ತಿರುವಳೆಂದು ನಂಬಿದ ಜನರಿಗೆ, ‘ಎದ್ದು ಹೋಗಿ’ ಎಂಬ ಅವಕಾಶವಿದ್ದಾಗಲೂ, ಆಕೆಯ ಬಗ್ಗೆ ಮರುಕ ಹುಟ್ಟಿದ್ದವರಲ್ಲಿ ಬಹಳ ಮಂದಿ ‘ಆಕೆಯ ಬದಲು ನಾನು ಕೂರುತ್ತೇನೆ’ ಎಂದರು. ತಪ್ಪಿಸಿಕೊಳ್ಳುವ ದಾರಿ ತೆರೆದಿದ್ದರೂ ನೋವನ್ನು ಆರಿಸಿಕೊಂಡವರನ್ನು ಸ್ವಾರ್ಥಿಗಳೆಂದು ಕರೆಯುವುದು ಹೇಗೆ?

ದಾನಿಗಳ ಸ್ವಭಾವವನ್ನು ವಿವರಿಸಲು ಅವರು ಬಳಸುವ ಒಂದು ಪರೀಕ್ಷೆಯನ್ನು ನೀವೂ ಮನಸ್ಸಿನಲ್ಲೇ ಮಾಡಿ ನೋಡಬಹುದು. ನಿಮಗೆ ಅತ್ಯಂತ ಹತ್ತಿರದವರನ್ನು 1ನೆಯ ಸ್ಥಾನದಲ್ಲಿಟ್ಟು, ಹೆಸರೂ ಅರಿಯದವರನ್ನು 100ನೆಯ ಸ್ಥಾನದಲ್ಲಿಟ್ಟು ಒಂದು ಪಟ್ಟಿ ಕಲ್ಪಿಸಿಕೊಳ್ಳಿ. ನಿಮ್ಮ ಕೈಯಲ್ಲಿರುವ ಹಣವನ್ನು 2ನೆಯವರೊಂದಿಗೆ ಎಷ್ಟು ಹಂಚಿಕೊಳ್ಳುವಿರಿ? 20ನೆಯವರೊಂದಿಗೆ? 100ನೆಯವರೊಂದಿಗೆ? ಸ್ಥಾನ ದೂರವಾದಂತೆ ನಮ್ಮಲ್ಲಿ ಬಹುತೇಕರ ಕೈ ಬಿಗಿಯಾಗುತ್ತಾ ಹೋಗುತ್ತದೆ. ಮೂತ್ರಪಿಂಡ ಕೊಟ್ಟವರಲ್ಲಿ ಆ ಇಳಿಜಾರು ಬಹಳ ಮೃದುವಾಗಿತ್ತು. ಹತ್ತಿರದವರಿಗೆ ಕೊಡುವುದರಲ್ಲಿ ಅವರಿಗೂ ನಮಗೂ ಹೆಚ್ಚಿನ ಅಂತರವಿಲ್ಲ. ಅಂತರವಿರುವುದು ದೂರದವರ ವಿಷಯದಲ್ಲಿ. ಪುಸ್ತಕದ ಅತ್ಯಂತ ಬೆಲೆಬಾಳುವ ಒಳನೋಟ ಇದೇ ಎಂದು ನನ್ನ ಭಾವನೆ.

ಎಲ್ಲಿ ಎಚ್ಚರ ಬೇಕು?

ಆದರೆ ಮೆಚ್ಚುಗೆಯ ಜೊತೆಗೆ ವಿವೇಚನೆಯೂ ಬೇಕು. ಮೊದಲನೆಯದು ಪ್ರಮಾಣದ ಪ್ರಶ್ನೆ. 19 ಜನರ ಮೆದುಳನ್ನು ನೋಡಿ ಇಡೀ ಮನುಕುಲದ ದಯೆಯ ಗುಟ್ಟನ್ನು ಹೇಳುವುದು ಆತುರವಾದೀತು. ಇಷ್ಟೇ ಅಲ್ಲ, ಅಮಿಗ್ಡಲವು ದಯೆಗೆಂದೇ ಮೀಸಲಾದ ಅಂಗವಲ್ಲ. ಸ್ವಂತ ಅಪಾಯವನ್ನು ಗ್ರಹಿಸುವುದರಿಂದ ಹಿಡಿದು ಹಲವು ಕೆಲಸಗಳಲ್ಲಿ ಅದಕ್ಕೆ ಪಾಲಿದೆ. ಯಂತ್ರದ ಪರದೆಯ ಮೇಲೆ ಅದು ಹೊಳೆದೊಡನೆ ‘ಇಗೋ ದಯೆ’ ಎಂದು ಬೆರಳು ತೋರಿಸುವಂತಿಲ್ಲ.

ಎರಡನೆಯದು ಕಾರಣ ಯಾವುದು, ಪರಿಣಾಮ ಯಾವುದು ಎಂಬ ಪ್ರಶ್ನೆ. ಅಮಿಗ್ಡಲ ದೊಡ್ಡದಿದ್ದುದರಿಂದ ಅವರು ದಾನಿಗಳಾದರೋ? ಪರರ ನೋವಿಗೆ ವರ್ಷಗಟ್ಟಲೆ ಕಿವಿಗೊಟ್ಟು ಬದುಕಿದ್ದರಿಂದ ಅದು ದೊಡ್ಡದಾಯಿತೋ? ಲಂಡನ್ನಿನ ಟ್ಯಾಕ್ಸಿ ಚಾಲಕರ ಬಗ್ಗೆ 2000ದಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವನ್ನು ಇಲ್ಲಿ ನೆನೆಯಬಹುದು. ಸಾವಿರಾರು ಬೀದಿಗಳನ್ನು ಬಾಯಿಪಾಠ ಮಾಡಬೇಕಾದ ಆ ಚಾಲಕರಲ್ಲಿ, ದಾರಿಗಳ ನೆನಪಿಗೆ ಸಂಬಂಧಿಸಿದ ಮೆದುಳಿನ ಭಾಗವೊಂದು ಇತರರಿಗಿಂತ ದೊಡ್ಡದಾಗಿತ್ತು. ಹೆಚ್ಚು ವರ್ಷ ಓಡಿಸಿದವರಲ್ಲಿ ಇನ್ನೂ ದೊಡ್ಡದಾಗಿತ್ತು. ಮೆದುಳು ಕಲ್ಲಿನಲ್ಲಿ ಕೆತ್ತಿದ ಶಾಸನವಲ್ಲ, ಬಳಕೆಯಿಂದ ರೂಪುಗೊಳ್ಳುವ ಕಾಲುದಾರಿ. ಮಾರ್ಷ್ ಅವರ ದಾನಿಗಳನ್ನು ಅಳೆದದ್ದು ಅವರು ದಾನ ಮಾಡಿದ ನಂತರ. ಆದ್ದರಿಂದ ಈ ಪ್ರಶ್ನೆಗೆ ಆ ಅಧ್ಯಯನದಲ್ಲಿ ಉತ್ತರವಿಲ್ಲ.

ಮೂರನೆಯದು ಹೆಚ್ಚು ಗಂಭೀರವಾದುದು. ಎದುರಿನ ಮುಖವನ್ನು ಕಂಡು ಮರುಗುವ ಗುಣವೇ ಔದಾರ್ಯದ ತಾಯಿಬೇರು ಎಂದು ನಂಬಿದರೆ, ಮುಖ ಕಾಣದವರ ಗತಿಯೇನು? 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಜನರಿಗೆ 5 ಡಾಲರ್ ಕೊಟ್ಟು, ಅದರಲ್ಲಿ ಎಷ್ಟನ್ನು ಆಫ್ರಿಕಾದ ಹಸಿದವರಿಗೆ ಕೊಡುವಿರಿ ಎಂದು ಕೇಳಲಾಯಿತು. ಮಾಲಿ ದೇಶದ ಏಳು ವರ್ಷದ ಒಬ್ಬ ಹುಡುಗಿಯ ಕಥೆಯನ್ನು ಓದಿದವರು ಸರಾಸರಿ 2.38 ಡಾಲರ್ ಕೊಟ್ಟರು. ಲಕ್ಷಾಂತರ ಜನರ ಹಸಿವಿನ ಅಂಕಿಅಂಶಗಳನ್ನು ಮಾತ್ರ ಓದಿದವರು ಕೊಟ್ಟದ್ದು 1.14 ಡಾಲರ್. ಹುಡುಗಿಯ ಕಥೆ, ಅಂಕಿಅಂಶ ಎರಡನ್ನೂ ಓದಿದವರು ಕೊಟ್ಟದ್ದು 1.43 ಡಾಲರ್. ಅಂದರೆ, ಅಂಕಿಗಳು ಮರುಕವನ್ನು ಹೆಚ್ಚಿಸುವ ಬದಲು ತಣ್ಣಗಾಗಿಸಿದವು! ಒಬ್ಬ ಹುಡುಗಿಗಾಗಿ ತೆರೆದ ಕೈ ಲಕ್ಷ ಮಕ್ಕಳ ಮುಂದೆ ಮುಚ್ಚಿಕೊಂಡಿತು.

ಮುಖ ಕಂಡರೂ ಅದು ‘ನಮ್ಮವರ’ ಮುಖವೇ ಎಂಬುದನ್ನು ಮೆದುಳು ನೋಡುತ್ತದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಫುಟ್ಬಾಲ್ ಅಭಿಮಾನಿಗಳ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸಾಕ್ಷಿ. ತನ್ನ ತಂಡದ ಅಭಿಮಾನಿಗೆ ನೋವಾದಾಗ ನೋಡುಗನ ಮೆದುಳಿನಲ್ಲಿ ನೋವಿಗೆ ಸಂಬಂಧಿಸಿದ ಭಾಗ ಸ್ಪಂದಿಸಿತು, ಮತ್ತು ಆತ ಆ ನೋವಿನಲ್ಲಿ ಅರ್ಧವನ್ನು ತಾನೇ ಹೊರಲು ಮುಂದಾದ. ಎದುರಾಳಿ ತಂಡದ ಅಭಿಮಾನಿಗೆ ನೋವಾದಾಗ ಕೆಲವರಲ್ಲಿ ಸ್ಪಂದಿಸಿದ್ದು ಸಂತೋಷಕ್ಕೆ ಸಂಬಂಧಿಸಿದ ಭಾಗ! ಅಂತಹವರು ಸಹಾಯಕ್ಕೆ ಮುಂದಾಗಲಿಲ್ಲ. ಅಂಗಿಯ ಬಣ್ಣವೊಂದು ಇಷ್ಟು ಮಾಡಬಲ್ಲುದಾದರೆ, ಜಾತಿ, ಭಾಷೆ, ಮತಗಳ ಗೋಡೆಗಳು ಏನು ಮಾಡಲಾರವು? ಸಾಮತಿಯಲ್ಲಿ ನೆರವಿಗೆ ಬಂದವನು ಯೆಹೂದ್ಯರು ಹೊರಗಿಟ್ಟಿದ್ದ ಸಮಾರಿತನಾಗಿದ್ದುದು ಆಕಸ್ಮಿಕವಲ್ಲ. ಮೆದುಳು ಸಹಜವಾಗಿ ಎಲ್ಲಿ ನಿಲ್ಲುತ್ತದೆಯೋ, ಆ ಕಥೆ ಸರಿಯಾಗಿ ಅಲ್ಲಿಂದ ಮುಂದಕ್ಕೆ ಹೋಗುತ್ತದೆ.

ಅವಸರವೆಂಬ ಅಡ್ಡಿ

ಈ ಸಾಮತಿಯನ್ನೇ ಆಧರಿಸಿದ ಪ್ರಯೋಗವೊಂದಿದೆ. 1973ರಲ್ಲಿ ಜಾನ್ ಡಾರ್ಲಿ ಹಾಗೂ ಮೇಲೆ ಹೇಳಿದ ಬ್ಯಾಟ್ಸನ್ ಅದನ್ನು ಪ್ರಕಟಿಸಿದರು. ಅಮೆರಿಕದ ಪ್ರಿನ್ಸ್‌ಟನ್ ದೈವಶಾಸ್ತ್ರ ವಿದ್ಯಾಲಯದ 40 ವಿದ್ಯಾರ್ಥಿಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಿ ಚಿಕ್ಕ ಭಾಷಣ ಮಾಡುವಂತೆ ಕೇಳಿಕೊಳ್ಳಲಾಯಿತು. ಕೆಲವರಿಗೆ ಕೊಟ್ಟ ವಿಷಯ ಸದಯ ಸಮಾರಿತನ ಸಾಮತಿ, ಉಳಿದವರಿಗೆ ಉದ್ಯೋಗದ ಕುರಿತ ವಿಷಯ. ದಾರಿಯಲ್ಲಿ ಒಬ್ಬ ಮನುಷ್ಯ ಕುಸಿದು ಕುಳಿತು ಕೆಮ್ಮುತ್ತಾ ನರಳುತ್ತಿದ್ದ. ‘ಇನ್ನೂ ಸಮಯವಿದೆ’ ಎಂದು ತಿಳಿದಿದ್ದವರಲ್ಲಿ ಶೇಕಡಾ 63ರಷ್ಟು ಮಂದಿ ಅವನ ನೆರವಿಗೆ ನಿಂತರು. ‘ತಡವಾಗಿದೆ, ಬೇಗ ಹೋಗಿ’ ಎಂದು ಹೇಳಿಸಿಕೊಂಡಿದ್ದವರಲ್ಲಿ ನಿಂತವರು ಶೇಕಡಾ 10 ಮಾತ್ರ. ತಲೆಯಲ್ಲಿ ಸಮಾರಿತನ ಕಥೆಯೇ ತುಂಬಿದ್ದರೂ ಗಣನೀಯ ವ್ಯತ್ಯಾಸವಾಗಲಿಲ್ಲ. ಆ ಕಥೆಯನ್ನು ಹೇಳಲೆಂದು ಧಾವಿಸುತ್ತಿದ್ದ ಕೆಲವರು ನರಳುವವನನ್ನು ದಾಟಿಕೊಂಡೇ ಹೋದರು.

ಆ ವಿದ್ಯಾರ್ಥಿಗಳ ಮೆದುಳು ಅಂದು ಬೆಳಿಗ್ಗೆ ಹೇಗಿತ್ತೋ ಮಧ್ಯಾಹ್ನವೂ ಹಾಗೆಯೇ ಇತ್ತು. ಬದಲಾದದ್ದು ಕೈಗಡಿಯಾರದ ಒತ್ತಡ ಮಾತ್ರ. ಔದಾರ್ಯವನ್ನು ವ್ಯಕ್ತಿಯ ತಲೆಯೊಳಗೆ ಮಾತ್ರ ಹುಡುಕುವವರು ಕಾಣದೆ ಹೋಗುವುದು ಇದನ್ನೇ. ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ, ಕಚೇರಿಗಳಲ್ಲಿ ನಾವು ರೂಪಿಸಿಕೊಂಡಿರುವ ಜೀವನದ ಓಟವೇ ದಯೆಗೆ ಬಿಡುವು ಕೊಡದಂತಿದ್ದರೆ, ಎಷ್ಟು ದೊಡ್ಡ ಅಮಿಗ್ಡಲವಿದ್ದು ಏನು ಪ್ರಯೋಜನ?

ಕೊಡುವವರು ಯಾರು?

ಮೂತ್ರಪಿಂಡ ದಾನವನ್ನೇ ಔದಾರ್ಯದ ಅಳತೆಗೋಲಾಗಿ ಹಿಡಿಯುವುದರಲ್ಲಿ ಇನ್ನೊಂದು ತೊಡಕಿದೆ. ಅದು ನಮ್ಮ ದೇಶದ ಕಡೆಗೆ ತಿರುಗಿದಾಗ ಸ್ಪಷ್ಟವಾಗುತ್ತದೆ. ಬಡವರ ಮೂತ್ರಪಿಂಡಗಳು ಇಲ್ಲಿ ಮಾರಾಟದ ವಸ್ತುವಾಗಿದ್ದವು ಎಂಬುದನ್ನು ನಾವು ಮರೆಯುವಂತಿಲ್ಲ. ಆ ವ್ಯಾಪಾರವನ್ನು ತಡೆಯಲೆಂದೇ 1994ರಲ್ಲಿ ಮಾನವ ಅಂಗಾಂಗ ಕಸಿ ಕಾಯಿದೆ ಬಂದಿತು. ಹತ್ತಿರದ ಸಂಬಂಧಿಯಲ್ಲದವರು ಬದುಕಿರುವಾಗ ಅಂಗ ಕೊಡಬೇಕಾದರೆ ಅಧಿಕೃತ ಸಮಿತಿಯ ಒಪ್ಪಿಗೆ ಬೇಕು. ಇಂತಹ ಒಪ್ಪಿಗೆ ಪಡೆದು ಕೊಟ್ಟವರೂ ಇದ್ದಾರೆ. ಕೇರಳದ ತ್ರಿಶ್ಶೂರಿನ ಗುರು ಡೇವಿಸ್ ಚಿರಮೇಲ್ ಅವರು 2009ರಲ್ಲಿಯೂ, ಪಾಲಾ ಧರ್ಮಪ್ರಾಂತ್ಯದ ಆಗಿನ ಸಹಾಯಕ ಧರ್ಮಾಧ್ಯಕ್ಷ ಜೇಕಬ್ ಮುರಿಕ್ಕನ್ ಅವರು 2016ರಲ್ಲಿಯೂ ರಕ್ತಸಂಬಂಧವಿಲ್ಲದ ಹಿಂದೂ ಸಹೋದರರಿಗೆ ತಮ್ಮ ಮೂತ್ರಪಿಂಡವನ್ನು ಕೊಟ್ಟರು. ಇವರ ಮೆದುಳನ್ನು ಯಾರೂ ಅಳೆಯಲಿಲ್ಲ. ಅಳೆಯಬೇಕಾದ ಅಗತ್ಯವೂ ಇರಲಿಲ್ಲ.

ಆದರೆ ನಮ್ಮ ದೇಶದಲ್ಲಿ ಬದುಕಿರುವಾಗ ಅಂಗದಾನ ಮಾಡುವವರಲ್ಲಿ ಬಹುಪಾಲು ಜನ ಮಹಿಳೆಯರು. ತಾಯಂದಿರು, ಹೆಂಡತಿಯರು, ಸಹೋದರಿಯರು. ಅಂಗ ಪಡೆಯುವವರಲ್ಲಿ ಬಹುಪಾಲು ಪುರುಷರು. ಇದನ್ನು ಮಹಿಳೆಯರ ಮೆದುಳಿನ ಕೊಡುಗೆ ಎಂದು ಹೊಗಳಿ ಸುಮ್ಮನಾಗಬಹುದೇ? ‘ದುಡಿಯುವ ಗಂಡಿನ ದೇಹಕ್ಕೆ ಕತ್ತರಿ ಬೀಳಬಾರದು’ ಎಂಬ ಮನೆಯವರ ತೀರ್ಮಾನ, ‘ನೀನು ಕೊಡದಿದ್ದರೆ ಇನ್ನಾರು?’ ಎಂಬ ಮೌನದ ಒತ್ತಾಯ ಇವುಗಳಿಗೆ ಎಂಆರ್‌ಐ ಯಂತ್ರದಲ್ಲಿ ನೆರಳು ಬೀಳುವುದಿಲ್ಲ. ಸ್ವಂತ ಇಚ್ಛೆಯಿಂದ ಕೊಟ್ಟಾಗ ಅದು ದಾನ. ಬೇಡವೆನ್ನುವ ಸ್ವಾತಂತ್ರ್ಯವೇ ಇಲ್ಲದವಳಿಂದ ಪಡೆದದ್ದನ್ನು ದಾನವೆನ್ನುವುದು ನಮ್ಮ ಅನುಕೂಲದ ಮಾತು. ಔದಾರ್ಯದ ಬಗ್ಗೆ ಬರೆಯುವ ಯಾವ ಪುಸ್ತಕವೂ ಈ ಪ್ರಶ್ನೆಯನ್ನು ಎದುರಿಸದೆ ಪೂರ್ಣವಾಗಲಾರದು. ಮಾರ್ಷ್ ಅವರ ಪುಸ್ತಕ ಸ್ವತಂತ್ರವಾಗಿ ನಿರ್ಧರಿಸಬಲ್ಲವರ ಲೋಕದಲ್ಲಿಯೇ ಸುತ್ತುತ್ತದೆ.

ಸಂತೋಷ ಪಟ್ಟರೆ ಪುಣ್ಯ ಕಡಿಮೆಯೇ?

ಕೊಟ್ಟಾಗ ಮನಸ್ಸಿಗೆ ಹಿತವಾಗುತ್ತದೆ ಎಂಬುದು ನಿಮ್ಮೆಲ್ಲರ ಅನುಭವ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 19 ಮಹಿಳೆಯರಿಗೆ ತಲಾ 100 ಡಾಲರ್ ಕೊಟ್ಟು, ಅದರಿಂದ ಹಸಿದವರಿಗೆ ಆಹಾರ ಹಂಚುವ ಸಂಸ್ಥೆಯೊಂದಕ್ಕೆ ಹಣ ಸಂದಾಯವಾಗುವಾಗ ಮೆದುಳನ್ನು ಗಮನಿಸಲಾಯಿತು. ತಾವಾಗಿ ಕೊಟ್ಟಾಗ ಮಾತ್ರವಲ್ಲ, ತೆರಿಗೆಯಂತೆ ಕಡ್ಡಾಯವಾಗಿ ಹಣ ಹೋದಾಗಲೂ ಸಂತೋಷಕ್ಕೆ ಸಂಬಂಧಿಸಿದ ಭಾಗಗಳು ಸ್ಪಂದಿಸಿದವು. ತಾವಾಗಿ ಕೊಟ್ಟಾಗ ಆ ಸ್ಪಂದನ ಇನ್ನೂ ಹೆಚ್ಚಾಗಿತ್ತು. ‘ಹಾಗಾದರೆ ದಾನ ಮಾಡುವುದು ಆ ಸುಖಕ್ಕಾಗಿಯೇ’ ಎಂದು ವಾದಿಸುವವರಿದ್ದಾರೆ. ಈ ವಾದ ನಿಲ್ಲುವುದಿಲ್ಲ. ಹಸಿದವರ ಹೊಟ್ಟೆ ತುಂಬಿತೆಂದು ಸಂತೋಷಪಡಬೇಕಾದರೆ, ಅವರ ಹಸಿವು ನನಗೆ ಮೊದಲೇ ಮುಖ್ಯವಾಗಿರಬೇಕು. ಆ ಸಂತೋಷ ಪ್ರೀತಿಯ ಫಲವೇ ಹೊರತು ಅದರ ಬೆಲೆಯಲ್ಲ. ಮಗುವಿಗೆ ಉಣಿಸಿ ತೃಪ್ತಿಪಡುವ ತಾಯಿಯನ್ನು ಯಾರಾದರೂ ಸ್ವಾರ್ಥಿ ಎನ್ನುವರೇ?

ಮೆದುಳಿಗೂ ಹೊಣೆಗಾರಿಕೆಗೂ ಇರುವ ಸಂಬಂಧವನ್ನು ಹೀಗೆಯೇ ಅರ್ಥಮಾಡಿಕೊಳ್ಳಬಹುದು. ಸಂಗೀತಗಾರನಿಗೆ ಸ್ವರಜ್ಞಾನದ ಕಿವಿ ಹುಟ್ಟಿನಿಂದಲೇ ಬಂದಿರಬಹುದು. ಆದರೂ ಮುಂಜಾನೆ ಎದ್ದು ಮಾಡಿದ ಸಾಧನೆ ಅವನದೇ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ ಈ ಮಾತಿಗೆ ಬಲ ಕೊಡುತ್ತದೆ. ಪ್ರತಿದಿನ 30 ನಿಮಿಷದಂತೆ ಕೇವಲ ಎರಡು ವಾರ, ಆತ್ಮೀಯರಿಂದ ಆರಂಭಿಸಿ ಅಪರಿಚಿತರು ಹಾಗೂ ತಮಗೆ ಆಗದವರ ತನಕ, ಎಲ್ಲರ ನೋವು ನೀಗಲಿ ಎಂದು ಮನಸ್ಸನ್ನು ಅಣಿಗೊಳಿಸುವ ಅಭ್ಯಾಸ ಮಾಡಿದವರು, ಅನ್ಯಾಯಕ್ಕೊಳಗಾದ ಅಪರಿಚಿತನಿಗಾಗಿ ತಮ್ಮ ಹಣವನ್ನು ಹೆಚ್ಚು ಖರ್ಚು ಮಾಡಿದರು. ಅವರ ಮೆದುಳಿನ ಸ್ಪಂದನದಲ್ಲಿಯೂ ಬದಲಾವಣೆ ಕಂಡಿತು. ಪ್ರಾರ್ಥನೆಯಲ್ಲಿ ಶತ್ರುವನ್ನೂ ನೆನೆಯಬೇಕೆಂಬ ಬೋಧನೆಯನ್ನು ಕೇಳುತ್ತಾ ಬೆಳೆದ ನಮಗೆ ಈ ಅಭ್ಯಾಸ ಹೊಸದಾಗಿ ತೋರದು.

‘ದಿ ಫಿಯರ್ ಫ್ಯಾಕ್ಟರ್’ ಓದಲೇಬೇಕಾದ ಪುಸ್ತಕವೆಂಬುದರಲ್ಲಿ ಸಂಶಯವಿಲ್ಲ. ಮನುಷ್ಯನಲ್ಲಿ ಒಳ್ಳೆಯತನ ನಿಜವಾಗಿಯೂ ಇದೆ ಎಂಬುದನ್ನು ಅದು ಸಾಕ್ಷ್ಯದೊಂದಿಗೆ ಹೇಳುತ್ತದೆ. ಇಂಗ್ಲಿಷ್ ಓದಬಲ್ಲ ಯುವಜನರ ಕೈಗೆ ಅದನ್ನು ಧೈರ್ಯವಾಗಿ ಕೊಡಬಹುದು. ಕೊಡುವಾಗ ಒಂದು ಮಾತನ್ನು ಸೇರಿಸಿದರೆ ಸಾಕು: ಎದುರಿನವರ ಭಯವನ್ನು ಮೆದುಳು ನಮಗೆ ತಿಳಿಸಬಹುದು, ನಿಲ್ಲಬೇಕೋ ದಾಟಿಹೋಗಬೇಕೋ ಎಂಬ ತೀರ್ಮಾನ ನಮ್ಮದು. ನೀವು ಮನಸ್ಸಿನಲ್ಲಿ ಬರೆದುಕೊಂಡ ಆ 100 ಜನರ ಪಟ್ಟಿಯಲ್ಲಿ ಕೊನೆಯ ಸಾಲಿನಲ್ಲಿರುವವರನ್ನು ಈ ತಿಂಗಳು ಒಂದೆರಡು ಸ್ಥಾನವಾದರೂ ಮೇಲಕ್ಕೆ ತರಲಾದೀತೇ ಎಂದು ಯೋಚಿಸಿ. ಹಾಗೆಯೇ, ನಿಮ್ಮ ಮನೆಯಲ್ಲಿ ಕೇಳದೆಯೇ ಎಲ್ಲವನ್ನೂ ಕೊಡುತ್ತಿರುವವರು ಯಾರು, ಅವರಿಗೆ ‘ಇಂದು ಬೇಡ’ ಎನ್ನುವ ಅವಕಾಶವಿದೆಯೇ ಎಂಬುದನ್ನೂ ಒಮ್ಮೆ ವಿಚಾರಿಸಿಕೊಳ್ಳಿ.